ಚುಕ್ಕೆ ಗುರುತಿನ ಪ್ರಶ್ನೆ: ಸಂಸತ್ತಿನಲ್ಲಿ ಸಚಿವರನ್ನು ಕೇಳುವ ಬಗೆ

ಲೋಕಸಭೆ ಸೇರಿದ ದಿನ ಬೆಳಿಗ್ಗೆ 11 ಗಂಟೆಗೆ ಸ್ಪೀಕರ್ ಒಂದು ಸಂಖ್ಯೆಯನ್ನೂ ಒಬ್ಬ ಸದಸ್ಯರ ಹೆಸರನ್ನೂ ಕರೆಯುತ್ತಾರೆ. ಆ ಸದಸ್ಯರು ಎದ್ದು ಪ್ರಶ್ನೆಯ ಸಂಖ್ಯೆಯನ್ನಷ್ಟೇ ಹೇಳುತ್ತಾರೆ, ಪ್ರಶ್ನೆಯನ್ನು ಓದುವುದಿಲ್ಲ. ಸಚಿವರು ಎದ್ದು, ಉತ್ತರವನ್ನು ಸದನದ ಮುಂದಿಟ್ಟಿದ್ದೇನೆ ಎಂದು ಹೇಳಿ ಕೂರುತ್ತಾರೆ. ಟಿವಿಯಲ್ಲಿ ನೋಡುತ್ತಿರುವವರಿಗೆ ಏನು ಕೇಳಿದರು, ಏನು ಹೇಳಿದರು ಎಂಬುದೇ ತಿಳಿಯುವುದಿಲ್ಲ. ಪ್ರಶ್ನೆಯೂ ಅದರ ಲಿಖಿತ ಉತ್ತರವೂ ಅಷ್ಟರಲ್ಲಿ ಸದಸ್ಯರ ಕೈಸೇರಿರುತ್ತವೆ. ಬಾಯಿಮಾತಿನ ಕೆಲಸ ಶುರುವಾಗುವುದು ಆಮೇಲೆ, ಆ ಉತ್ತರ ಹಿಡಿದು ತಿರುಗಿ ಕೇಳುವ ಪೂರಕ ಪ್ರಶ್ನೆಯಿಂದ. ಆ ಪೂರಕ ಪ್ರಶ್ನೆ ಗಟ್ಟಿಯಾಗಿರುತ್ತದೋ ಟೊಳ್ಳಾಗಿರುತ್ತದೋ ಎಂಬುದು ಮಾತ್ರ ಎರಡು ವಾರ ಮೊದಲೇ, ಪ್ರಶ್ನೆ ಬರೆದ ಹೊತ್ತಿನಲ್ಲೇ, ಬಹುಪಾಲು ತೀರ್ಮಾನವಾಗಿರುತ್ತದೆ.

ಪ್ರಶ್ನೋತ್ತರ ಅವಧಿ ಎಂಬ ಈ ಒಂದು ಗಂಟೆಗೆ ಸಂವಿಧಾನದ ಬಲವಿದೆ. ಮಂತ್ರಿಮಂಡಲ ಒಟ್ಟಾಗಿ ಲೋಕಸಭೆಗೆ ಹೊಣೆ ಎಂದು 75(3)ನೇ ವಿಧಿ ಹೇಳುತ್ತದೆ. ಹೊಣೆ ಎಂದಮೇಲೆ ಕೇಳಿದ್ದಕ್ಕೆ ಹೇಳಬೇಕು. ಪ್ರಶ್ನೆ ಕೇಳುವ ರೂಢಿ ಸ್ವಾತಂತ್ರ್ಯಕ್ಕಿಂತ ಹಳೆಯದು. 1892ರ ಇಂಡಿಯನ್ ಕೌನ್ಸಿಲ್ಸ್ ಕಾಯ್ದೆ ಆ ಹಕ್ಕು ಕೊಟ್ಟಿತು. ಮೊದಲ ಪ್ರಶ್ನೆಯನ್ನು 1893ರ ಫೆಬ್ರವರಿ 16ರಂದು ಭಿಂಗಾದ ಮಹಾರಾಜರು ಕೇಳಿದರು. ಸರ್ಕಾರಿ ಅಧಿಕಾರಿಗಳು ಪ್ರವಾಸ ಹೊರಟಾಗ ಅವರಿಗೆ ಸಾಮಾನು ಸರಬರಾಜು ಮಾಡಬೇಕಾದ ಹಳ್ಳಿ ಅಂಗಡಿಯವರ ಕಷ್ಟ ಅದರ ವಿಷಯ. ಆಗ ಉತ್ತರ ಕೊಟ್ಟರೆ ಮುಗಿಯಿತು, ತಿರುಗಿ ಕೇಳುವಂತಿರಲಿಲ್ಲ. ಮೂಲ ಪ್ರಶ್ನೆ ಕೇಳಿದವರಿಗೆ ಪೂರಕ ಪ್ರಶ್ನೆಯ ಹಕ್ಕು ಬಂದದ್ದು 1909ರ ಸುಧಾರಣೆಯಲ್ಲಿ.

ಚುಕ್ಕೆ ಇದ್ದರೆ ಮಾತು, ಇಲ್ಲದಿದ್ದರೆ ಬರಹ

ನಮ್ಮ ವಿಧಾನಸಭೆಯ ಕಲಾಪ ಬಲ್ಲವರಿಗೆ 'ಚುಕ್ಕೆ ಗುರುತಿನ ಪ್ರಶ್ನೆ', 'ಚುಕ್ಕೆ ಗುರುತಿಲ್ಲದ ಪ್ರಶ್ನೆ' ಎಂಬ ಮಾತು ಹೊಸದಲ್ಲ. ಸಂಸತ್ತಿನಲ್ಲೂ ಅದೇ ವಿಂಗಡಣೆ. ಬಾಯಿಮಾತಿನ ಉತ್ತರ ಬೇಕೆನ್ನುವವರು ತಮ್ಮ ಪ್ರಶ್ನೆಗೆ ನಕ್ಷತ್ರದ ಗುರುತು ಹಾಕುತ್ತಾರೆ. ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ, ಅದರ ಮೇಲೆ ಪೂರಕ ಪ್ರಶ್ನೆ ಇಲ್ಲ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಪ್ರಶ್ನೆ ಮತ್ತು 230 ಚುಕ್ಕೆ ಇಲ್ಲದ ಪ್ರಶ್ನೆ ಪಟ್ಟಿಯಾಗುತ್ತವೆ. ರಾಜ್ಯಸಭೆಯಲ್ಲಿ 15 ಮತ್ತು 160. ಮುದ್ರಿತ ಪಟ್ಟಿಯಲ್ಲಿ ಚುಕ್ಕೆ ಪ್ರಶ್ನೆಗೆ ಹಸಿರು ಕಾಗದ, ಚುಕ್ಕೆ ಇಲ್ಲದ್ದಕ್ಕೆ ಬಿಳಿ, ತುರ್ತು ವಿಷಯಕ್ಕೆ ಕಡಿಮೆ ದಿನಗಳ ನೋಟಿಸ್ ಕೊಟ್ಟು ಕೇಳುವ ಅಲ್ಪಾವಧಿ ಸೂಚನೆಯದಕ್ಕೆ ತಿಳಿಗುಲಾಬಿ. ಯಾವುದಾದರೂ ಖಾಸಗಿ ಮಸೂದೆಯ ಹೊಣೆ ಹೊತ್ತ ಸದಸ್ಯರನ್ನೇ ಕೇಳುವ ಪ್ರಶ್ನೆಗೆ ಹಳದಿ.

ಲೆಕ್ಕ ನೋಡಿದರೆ ಚುಕ್ಕೆ ಪ್ರಶ್ನೆ ಎಷ್ಟು ದುಬಾರಿ ಎಂಬುದು ಗೊತ್ತಾಗುತ್ತದೆ. ಒಂದು ಪ್ರಶ್ನೆ, ಅದಕ್ಕೆ ಕೇಳಿದವರ ಎರಡು ಪೂರಕ ಪ್ರಶ್ನೆ, ಆಮೇಲೆ ಸ್ಪೀಕರ್ ಕರೆದ ಇತರ ಸದಸ್ಯರ ಪ್ರಶ್ನೆಗಳು, ಇಷ್ಟಕ್ಕೂ ಸಚಿವರ ಉತ್ತರ: ಹತ್ತು ನಿಮಿಷ ಸುಲಭವಾಗಿ ಹೋಗುತ್ತದೆ. ಅರವತ್ತು ನಿಮಿಷದಲ್ಲಿ ಐದಾರು ಪ್ರಶ್ನೆ ಮುಗಿದರೆ ಒಳ್ಳೆಯ ದಿನ. ಉಳಿದವಕ್ಕೆ ಲಿಖಿತ ಉತ್ತರವೇ ಗತಿ. ಅಂದರೆ ಪಟ್ಟಿಯಲ್ಲಿ 14ನೆಯದಾಗಿ ಬಂದ ಪ್ರಶ್ನೆ ಹೆಸರಿಗಷ್ಟೇ ಚುಕ್ಕೆ ಪ್ರಶ್ನೆ. ಇದಕ್ಕೆ ಹೊರತಾದ ದಿನವೂ ಉಂಟು. 2019ರ ನವೆಂಬರ್ 27ರಂದು ಲೋಕಸಭೆ ಇಪ್ಪತ್ತಕ್ಕೆ ಇಪ್ಪತ್ತನ್ನೂ ಮುಗಿಸಿತು. 1972ರ ನಂತರ ಅದೇ ಮೊದಲು. ಪ್ರಶ್ನೆಯೂ ಉತ್ತರವೂ ಚಿಕ್ಕದಾದರೆ ಏನಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಆದರೆ ಎಲ್ಲವನ್ನೂ ಮುಗಿಸುವ ಆತುರದಲ್ಲಿ ಮೂರನೆಯ, ನಾಲ್ಕನೆಯ ಪೂರಕ ಪ್ರಶ್ನೆಗೆ ಜಾಗ ತಪ್ಪುವುದಾದರೆ ಅದನ್ನು ಲಾಭವೆಂದು ನಾವು ಎಣಿಸುವುದಿಲ್ಲ. ಸಚಿವರು ಸಿದ್ಧ ಉತ್ತರ ಬಿಟ್ಟು ನಿಜವಾಗಿ ಮಾತಾಡಬೇಕಾಗುವುದೇ ಆ ಹೊತ್ತಿಗೆ.

ನೋಟಿಸ್‌ನಿಂದ ಪಟ್ಟಿಯವರೆಗೆ

ಪ್ರಶ್ನೆಗೆ ಕನಿಷ್ಠ 15 ಪೂರ್ಣ ದಿನಗಳ ಸೂಚನೆ ಬೇಕು. ನೋಟಿಸ್ ಕೊಟ್ಟ ದಿನವನ್ನೂ ಉತ್ತರದ ದಿನವನ್ನೂ ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. 20ನೇ ತಾರೀಖಿಗೆ ಉತ್ತರ ಬೇಕಿದ್ದರೆ 4ರೊಳಗೆ ನೋಟಿಸ್ ತಲುಪಿರಬೇಕು. ದಿನವನ್ನು ಆರಿಸಿಕೊಳ್ಳುವುದಕ್ಕೂ ಮನಬಂದಂತೆ ಆಗದು. ಸಚಿವಾಲಯಗಳನ್ನು ಐದು ಗುಂಪು ಮಾಡಿ ಸೋಮವಾರದಿಂದ ಶುಕ್ರವಾರದವರೆಗೆ ಒಂದೊಂದು ಗುಂಪಿಗೆ ಒಂದೊಂದು ದಿನ ಹಂಚಿರುತ್ತಾರೆ. ರೈಲ್ವೆಯದು ಬುಧವಾರವಾದರೆ ಗುರುವಾರಕ್ಕೆ ರೈಲ್ವೆಯ ಪ್ರಶ್ನೆ ಬರುವುದಿಲ್ಲ. ಆ ವಾರ ತಪ್ಪಿದರೆ ಮುಂದಿನ ವಾರ. ಅಷ್ಟರಲ್ಲಿ ಅಧಿವೇಶನವೇ ಮುಗಿದಿರಬಹುದು. ಆದ್ದರಿಂದ ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಸಂಸದರ ಕಚೇರಿ ಮಾಡಬೇಕಾದ ಮೊದಲ ಕೆಲಸ, ಯಾವ ಸಚಿವಾಲಯಕ್ಕೆ ಯಾವ ದಿನ, ಅದಕ್ಕೆ ನೋಟಿಸ್ ಕೊಡಲು ಕಡೆಯ ದಿನ ಯಾವುದು ಎಂಬ ಪಟ್ಟಿಯನ್ನು ಗೋಡೆಗೆ ಅಂಟಿಸುವುದು.

ಲೋಕಸಭೆಯ ಸದಸ್ಯರೊಬ್ಬರು ಒಂದು ದಿನಕ್ಕೆ ಚುಕ್ಕೆ ಇರುವುದು ಇಲ್ಲದ್ದು ಸೇರಿ ಐದು ನೋಟಿಸ್ ಕೊಡಬಹುದು. ಅದರಲ್ಲಿ ಚುಕ್ಕೆ ಪ್ರಶ್ನೆಯಾಗಿ ಒಪ್ಪಿಗೆ ಸಿಗುವುದು ಒಂದಕ್ಕೆ ಮಾತ್ರ. ಬಂದ ನೋಟಿಸ್‌ಗಳಲ್ಲಿ ಯಾರದು ಮೊದಲು ಎಂಬುದನ್ನು ಕಂಪ್ಯೂಟರ್ ಮೂಲಕ ಚೀಟಿ ಎತ್ತಿ ನಿರ್ಧರಿಸುತ್ತಾರೆ. ಇಲ್ಲಿ ಪಕ್ಷದ ಬಲವಾಗಲಿ ಹಿರಿತನವಾಗಲಿ ಕೆಲಸ ಮಾಡುವುದಿಲ್ಲ. ಮೊದಲ ಬಾರಿ ಗೆದ್ದು ಬಂದವರಿಗೂ ಪಟ್ಟಿಯ ಮೊದಲ ಸ್ಥಾನ ಸಿಗಬಹುದು. ಈ ನ್ಯಾಯ ನಮಗೆ ಬಹಳ ಮೆಚ್ಚುಗೆಯದು. ಒಂದೇ ವಿಷಯದ ಮೇಲೆ ಹಲವರು ಕೇಳಿದ್ದರೆ ಅವರ ಹೆಸರುಗಳನ್ನು ಒಂದೇ ಪ್ರಶ್ನೆಗೆ ಜೋಡಿಸುತ್ತಾರೆ.

ಪ್ರಶ್ನೆ ಒಪ್ಪಿತವೋ ಅಲ್ಲವೋ ಎಂಬ ಕಡೆಯ ಮಾತು ಸ್ಪೀಕರ್‌ದು. ಲೋಕಸಭೆಯ ಕಾರ್ಯವಿಧಾನ ನಿಯಮಗಳಲ್ಲಿ 41ನೆಯದು ಇದರ ಜರಡಿ. ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು. ಅದರೊಳಗೆ ವಾದ, ಊಹೆ, ವ್ಯಂಗ್ಯ, ಆರೋಪ ಇರಬಾರದು. ಸಚಿವರ ಅಭಿಪ್ರಾಯ ಕೇಳಬಾರದು, 'ಒಂದು ವೇಳೆ ಹೀಗಾದರೆ' ಎಂದು ಕಲ್ಪಿಸಿ ಕೇಳಬಾರದು. ನ್ಯಾಯಾಲಯದಲ್ಲಿರುವ ವಿಷಯ, ಸಂಪುಟದೊಳಗಿನ ಚರ್ಚೆ, ಈಗಾಗಲೇ ಉತ್ತರ ಬಂದಿರುವ ಪ್ರಶ್ನೆ, ಎಲ್ಲರಿಗೂ ಸಿಗುವ ದಾಖಲೆಯಲ್ಲೇ ಇರುವ ಮಾಹಿತಿ, ಇವೆಲ್ಲ ಜರಡಿಯಲ್ಲೇ ಉಳಿಯುತ್ತವೆ. ಒಂದು ಉತ್ತರದಲ್ಲಿ ಹಿಡಿಸಲಾಗದಷ್ಟು ದೊಡ್ಡ ನೀತಿಯ ಪ್ರಶ್ನೆಯೂ ಹಾಗೆಯೇ.

ಹೊಸ ಸದಸ್ಯರು ಹೆಚ್ಚಾಗಿ ಎಡವುವುದು ಕೇಂದ್ರಕ್ಕೆ ಸೇರದ ವಿಷಯ ಕೇಳಿ. ಪೊಲೀಸ್ ಠಾಣೆ, ಕಾನೂನು ಸುವ್ಯವಸ್ಥೆ, ಹಳ್ಳಿಯ ಆಸ್ಪತ್ರೆ ರಾಜ್ಯದ ಪಟ್ಟಿಯಲ್ಲಿವೆ. ಆಸ್ಪತ್ರೆಯಲ್ಲಿ ವೈದ್ಯರಿಲ್ಲ ಎಂದು ಕೇಳಿದರೆ ಪ್ರಶ್ನೆ ತಿರಸ್ಕಾರವಾಗುತ್ತದೆ, ಇಲ್ಲವೇ 'ಇದು ರಾಜ್ಯದ ವಿಷಯ' ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಅದೇ ಆಸ್ಪತ್ರೆಗೆ ಕೇಂದ್ರದ ಯೋಜನೆಯಿಂದ ಎಷ್ಟು ಹಣ ಮಂಜೂರಾಯಿತು, ಎಷ್ಟು ಬಿಡುಗಡೆಯಾಯಿತು, ಹಣ ಬಳಸಿದ ಪ್ರಮಾಣಪತ್ರ ಬಂದಿದೆಯೇ ಎಂದು ಕೇಳಿದರೆ ಪ್ರಶ್ನೆ ನಿಲ್ಲುತ್ತದೆ. ವಿಷಯ ಅದೇ, ಹಿಡಿದ ತುದಿ ಬೇರೆ.

ಜಾರಿಕೊಳ್ಳಲಾಗದಂತೆ ಬರೆಯುವುದು

ಸಚಿವಾಲಯಗಳ ಉತ್ತರಗಳನ್ನು ರಾಶಿ ಹಾಕಿಕೊಂಡು ಓದಿದವರಿಗೆ ಒಂದು ಸಂಗತಿ ಕಣ್ಣಿಗೆ ರಾಚುತ್ತದೆ. ಉತ್ತರ ಸಪ್ಪೆಯಾಗಿರುವ ಕಡೆ ಬಹಳ ಸಲ ಪ್ರಶ್ನೆಯೂ ಸಪ್ಪೆಯಾಗಿಯೇ ಇರುತ್ತದೆ.

ರೈಲ್ವೆ ಲೆವೆಲ್ ಕ್ರಾಸಿಂಗ್‌ನಲ್ಲಿ ಗೇಟು ಬಿದ್ದು ಜನ ಗಂಟೆಗಟ್ಟಲೆ ಕಾಯುತ್ತಾರೆ, ಮೇಲ್ಸೇತುವೆ ಮಂಜೂರಾಗಿದ್ದರೂ ಕೆಲಸ ಎದ್ದಿಲ್ಲ ಎಂದುಕೊಳ್ಳಿ. ಪ್ರಶ್ನೆಯನ್ನು ಹೀಗೆ ಬರೆಯುವುದು ಸಾಮಾನ್ಯ: 'ಲೆವೆಲ್ ಕ್ರಾಸಿಂಗ್‌ಗಳಲ್ಲಿ ಜನರಿಗೆ ತೊಂದರೆಯಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದರೆ ಸರ್ಕಾರ ಕೈಗೊಂಡಿರುವ ಕ್ರಮಗಳೇನು?' ಇದಕ್ಕೆ ಮೇಲ್ಸೇತುವೆ ನಿರ್ಮಾಣ ನಿರಂತರ ಪ್ರಕ್ರಿಯೆ, ಸಂಚಾರ ದಟ್ಟಣೆ ಮತ್ತು ಸುರಕ್ಷತೆ ನೋಡಿ ಆದ್ಯತೆ ಕೊಡಲಾಗುತ್ತದೆ ಎಂಬ ಎರಡು ಪ್ಯಾರಾ ಬರೆದರೆ ಉತ್ತರ ಆಯಿತು. ಅದರಲ್ಲಿ ಸುಳ್ಳೂ ಇಲ್ಲ, ಸುದ್ದಿಯೂ ಇಲ್ಲ.

ಅದನ್ನೇ ನಾಲ್ಕು ಭಾಗ ಮಾಡಿ. (ಎ) ಕಳೆದ ಐದು ವರ್ಷಗಳಲ್ಲಿ ನೈರುತ್ಯ ರೈಲ್ವೆ ವಲಯದಲ್ಲಿ ಮಂಜೂರಾದ ಮೇಲ್ಸೇತುವೆಗಳೆಷ್ಟು, ವರ್ಷವಾರು, ಜಿಲ್ಲಾವಾರು? (ಬಿ) ಈ ದಿನದವರೆಗೆ ಕೆಲಸ ಆರಂಭವಾಗದವು ಎಷ್ಟು? (ಸಿ) ಅವುಗಳಲ್ಲಿ ಜಮೀನು ಹಸ್ತಾಂತರವಾಗದೆ ನಿಂತವೆಷ್ಟು, ರಾಜ್ಯದ ಪಾಲಿನ ಹಣ ಬಾರದೆ ನಿಂತವೆಷ್ಟು, ನಕ್ಷೆಗೆ ಒಪ್ಪಿಗೆ ಸಿಗದೆ ನಿಂತವೆಷ್ಟು? (ಡಿ) ಪ್ರತಿಯೊಂದನ್ನೂ ಮುಗಿಸಲು ನಿಗದಿಯಾದ ದಿನಾಂಕ ಯಾವುದು? ಈಗ ಪ್ರತಿ ಭಾಗವೂ ಒಂದು ಅಂಕಿಯನ್ನೋ ತಾರೀಖನ್ನೋ ಕೇಳುತ್ತದೆ. ಉತ್ತರದಲ್ಲಿ ಅಂಕಿ ಬಾರದಿದ್ದರೆ ಬಾರದಿರುವುದೇ ಎದ್ದು ಕಾಣುತ್ತದೆ. ಅವಧಿ, ಪ್ರದೇಶ, ಕಾರಣ ಮೂರನ್ನೂ ಪ್ರಶ್ನೆಯೇ ಬಿಗಿದು ಕಟ್ಟಬೇಕು. ಐದರ ಬದಲು ಇಪ್ಪತ್ತು ವರ್ಷದ, ಇಡೀ ದೇಶದ, ಊರೂರಿನ ಲೆಕ್ಕ ಕೇಳಿದರೆ ಎದುರು ಬದಿಗೆ ಬೇರೆಯೇ ದಾರಿ ತೆರೆದುಕೊಳ್ಳುತ್ತದೆ: 'ಮಾಹಿತಿ ಸಂಗ್ರಹಿಸಲಾಗುತ್ತಿದೆ.'

ಭಾಗ ಮಾಡುವಾಗ ಒಂದು ಎಚ್ಚರ ಬೇಕು. ಸಚಿವಾಲಯಗಳು '(ಎ) ರಿಂದ (ಡಿ)' ಎಂದು ಒಟ್ಟಿಗೆ ಸೇರಿಸಿ ಒಂದೇ ಉತ್ತರ ಬರೆಯುವುದುಂಟು. ಕೇಳಿದ ನಾಲ್ಕರಲ್ಲಿ ಕಷ್ಟದ್ದು ಆ ಹೊಲಿಗೆಯೊಳಗೆ ಸದ್ದಿಲ್ಲದೆ ಮರೆಯಾಗುತ್ತದೆ. ಕಷ್ಟದ ಭಾಗವನ್ನು (ಎ) ಆಗಿಯೇ ಇಟ್ಟರೆ ಅದನ್ನು ಮುಚ್ಚುವುದು ಅಷ್ಟು ಸುಲಭವಲ್ಲ.

'ನಮ್ಮಲ್ಲಿ ಆ ಲೆಕ್ಕ ಇಲ್ಲ' ಎಂಬುದನ್ನು ಉತ್ತರವೇ ಅಲ್ಲ ಎಂದು ತಳ್ಳಿಹಾಕಬಾರದು. 2020ರ ಸೆಪ್ಟೆಂಬರ್ 14ರಂದು, ಲಾಕ್‌ಡೌನ್ ಸಮಯದಲ್ಲಿ ಊರಿಗೆ ಮರಳುವಾಗ ಎಷ್ಟು ವಲಸೆ ಕಾರ್ಮಿಕರು ಸತ್ತರು, ಅವರ ಕುಟುಂಬಗಳಿಗೆ ಪರಿಹಾರ ಕೊಡಲಾಯಿತೇ ಎಂದು ಲೋಕಸಭೆಯಲ್ಲಿ ಲಿಖಿತ ಪ್ರಶ್ನೆ ಬಂತು. ಅಂಥ ದತ್ತಾಂಶ ಇಟ್ಟಿಲ್ಲ, ಹಾಗಾಗಿ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ ಎಂದು ಕಾರ್ಮಿಕ ಸಚಿವಾಲಯ ಉತ್ತರಿಸಿತು. ಚುಕ್ಕೆ ಇಲ್ಲದ ಪ್ರಶ್ನೆಯ ಆ ಒಂದೆರಡು ಸಾಲು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಲೆಕ್ಕವಿಡಲಿಲ್ಲ ಎಂಬುದು ಸರ್ಕಾರದ ಬಾಯಿಂದಲೇ ದಾಖಲೆಗೆ ಸೇರಿತು. ಬೇರೆ ಯಾವ ದಾರಿಯಲ್ಲೂ ಅದು ಅಷ್ಟು ಖಚಿತವಾಗಿ ಹೊರಬರುತ್ತಿರಲಿಲ್ಲ.

ಸಚಿವಾಲಯದ ಮೇಜಿನ ಆ ಬದಿ

ಒಪ್ಪಿಗೆಯಾದ ಪ್ರಶ್ನೆ ಸಚಿವಾಲಯದ ಸಂಸದೀಯ ಶಾಖೆಗೆ ಹೋಗಿ, ಅಲ್ಲಿಂದ ವಿಷಯಕ್ಕೆ ಸಂಬಂಧಿಸಿದ ವಿಭಾಗಕ್ಕೆ ಇಳಿಯುತ್ತದೆ. ಮೊದಲು ನೋಡುವುದು ಇದು ನಮ್ಮದೇ ಅಥವಾ ಇನ್ನೊಂದು ಸಚಿವಾಲಯದ್ದೇ ಎಂಬುದನ್ನು. ವರ್ಗಾವಣೆಯಾದರೆ ಪ್ರಶ್ನೆಯ ದಿನವೂ ಬದಲಾಗಬಹುದು. ಚುಕ್ಕೆ ಪ್ರಶ್ನೆಯಾದರೆ ಉತ್ತರದ ಜೊತೆಗೆ ಪೂರಕ ಪ್ರಶ್ನೆಗಳಿಗಾಗಿ ದಪ್ಪನೆಯ ಟಿಪ್ಪಣಿಯೊಂದು ತಯಾರಾಗುತ್ತದೆ: ಕೇಳಿದ ಸದಸ್ಯರ ಕ್ಷೇತ್ರದ ಅಂಕಿ, ಅವರ ರಾಜ್ಯದ ಅಂಕಿ, ಹಿಂದಿನ ಅಧಿವೇಶನಗಳಲ್ಲಿ ಕೊಟ್ಟ ಉತ್ತರ, ಪತ್ರಿಕೆಗಳಲ್ಲಿ ಬಂದ ಟೀಕೆ, ಎಲ್ಲೆಲ್ಲಿ ಎಡವಬಹುದೋ ಅಲ್ಲಲ್ಲಿಗೆ ಒಂದೊಂದು ಸಿದ್ಧ ವಾಕ್ಯ. ಪ್ರಶ್ನೋತ್ತರ ಅವಧಿಯಲ್ಲಿ ಅಧಿಕಾರಿಗಳು ಸದನದ ಅಧಿಕಾರಿಗಳ ಗ್ಯಾಲರಿಯಲ್ಲಿ ಕೂತಿರುತ್ತಾರೆ. ಸಚಿವರು ತಡವರಿಸಿದರೆ ಅಲ್ಲಿಂದ ಚೀಟಿ ಬರುತ್ತದೆ. ಪ್ರಶ್ನೋತ್ತರ ಅವಧಿಯ ಒಂದು ದೊಡ್ಡ ಉಪಕಾರ ಇಲ್ಲಿದೆ. ತಮ್ಮ ಇಲಾಖೆಯ ಯಾವ ಕೆಲಸ ಎಲ್ಲಿ ನಿಂತಿದೆ ಎಂದು ಸಚಿವರೇ ಓದಿ ತಿಳಿಯುವಂತೆ ಅದು ಮಾಡುತ್ತದೆ. ಎಷ್ಟೋ ಕಡತಗಳು ಪ್ರಶ್ನೆ ಬಂದ ವಾರದಲ್ಲೇ ಮೇಜಿನಿಂದ ಮೇಜಿಗೆ ಓಡುತ್ತವೆ.

ಪೂರಕ ಪ್ರಶ್ನೆ

ಈ ತಯಾರಿಯನ್ನು ದಾಟಿ ಹೋಗಬೇಕಾದದ್ದು ಪೂರಕ ಪ್ರಶ್ನೆ. ಅದು ಮೂಲ ಪ್ರಶ್ನೆ ಮತ್ತು ಉತ್ತರದಿಂದಲೇ ಹುಟ್ಟಬೇಕು. ರೈಲಿನ ಪ್ರಶ್ನೆ ಹಿಡಿದು ವಿಮಾನಕ್ಕೆ ಹಾರಿದರೆ ಸ್ಪೀಕರ್ ತಡೆಯುತ್ತಾರೆ. ಉತ್ತರದ ಪ್ರತಿ ಸದನ ಸೇರುವ ಸ್ವಲ್ಪ ಮೊದಲು ಸಿಗುತ್ತದೆ. ಆ ಸಣ್ಣ ಬಿಡುವಿನಲ್ಲಿ ಅನುಬಂಧದ ಕೋಷ್ಟಕ ತೆರೆದು ಕೂಡಿಸಿ ಕಳೆದು ನೋಡುವ ಸದಸ್ಯರಿಗೂ, ಉತ್ತರ ಓದದೆ ಮನೆಯಿಂದ ಬರೆದು ತಂದದ್ದನ್ನೇ ಓದುವ ಸದಸ್ಯರಿಗೂ ಅಜಗಜಾಂತರ. ಮಂಜೂರಾದದ್ದು ನಲವತ್ತು, ಮುಗಿದದ್ದು ಒಂಬತ್ತು, ನಡೆಯುತ್ತಿರುವುದು ಹದಿನೆಂಟು ಎಂದು ಉತ್ತರದಲ್ಲಿದ್ದರೆ, ಉಳಿದ ಹದಿಮೂರು ಎಲ್ಲಿ ಎಂಬುದೇ ಪೂರಕ ಪ್ರಶ್ನೆ. ಅಷ್ಟೇ ಸಾಕು.

ಹಾಳಾಗುವುದು ಹೇಗೆ? ಮೂರು ನಿಮಿಷ ಪೀಠಿಕೆ ಹಾಕಿ ಕಡೆಗೆ ಮೂರು ಪ್ರಶ್ನೆ ಒಟ್ಟಿಗೆ ಕೇಳುವುದರಿಂದ. ಸಚಿವರು ಆ ಮೂರರಲ್ಲಿ ಸುಲಭದ್ದನ್ನು ಹೆಕ್ಕಿಕೊಂಡು ಉದ್ದಕ್ಕೆ ಉತ್ತರಿಸುತ್ತಾರೆ. ಉಳಿದೆರಡನ್ನೂ ಮತ್ತೆ ಕೇಳುವಷ್ಟು ಅವಕಾಶ ಉಳಿಯುವುದಿಲ್ಲ. ಆಳುವ ಪಕ್ಷದ ಸದಸ್ಯರು ಹೊಗಳಿಕೆಯಿಂದ ಶುರುಮಾಡಿ ತಮ್ಮ ಕ್ಷೇತ್ರಕ್ಕೊಂದು ರೈಲು ಕೇಳಿ ಕೂರುವುದೂ ಅಷ್ಟೇ ನಷ್ಟ. ಮನವಿ ಕೊಡಲು ಸಚಿವರ ಕಚೇರಿಯ ಬಾಗಿಲಿದೆ. ಪ್ರಶ್ನೋತ್ತರ ಅವಧಿ ಇರುವುದು ಲೆಕ್ಕ ಕೇಳಲು.

ಲೆಕ್ಕ ಕೇಳಿದರೆ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು 1957 ತೋರಿಸಿತು. ಜೀವ ವಿಮಾ ನಿಗಮ ಹರಿದಾಸ್ ಮುಂದ್ರಾ ಅವರ ಕಂಪನಿಗಳ ಷೇರುಗಳಲ್ಲಿ ಸುಮಾರು 1.25 ಕೋಟಿ ರೂಪಾಯಿ ಹೂಡಿದ ವಿಷಯ ಲೋಕಸಭೆಯ ಪ್ರಶ್ನೋತ್ತರದಲ್ಲಿ ತಲೆಯೆತ್ತಿತು. ಆಳುವ ಕಾಂಗ್ರೆಸ್‌ನವರೇ ಆದ ಫಿರೋಜ್ ಗಾಂಧಿ ಅದನ್ನು ಬೆನ್ನುಹತ್ತಿ ಡಿಸೆಂಬರ್‌ನಲ್ಲಿ ಸದನದಲ್ಲಿ ವಿವರ ಬಿಚ್ಚಿಟ್ಟರು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಆಯೋಗ ಬಹಿರಂಗ ವಿಚಾರಣೆ ನಡೆಸಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಗದ್ದಲ, ಗೈರು, ಹಣ

ಪ್ರಶ್ನೋತ್ತರ ಅವಧಿಗೆ ದೊಡ್ಡ ಪೆಟ್ಟು ಬೀಳುವುದು ಗದ್ದಲದಿಂದ. ಬೆಳಗಿನ ಮೊದಲ ಗಂಟೆಯಾದ್ದರಿಂದ ದಿನದ ಸಿಟ್ಟೆಲ್ಲ ಅದರ ಮೇಲೆಯೇ ಬೀಳುತ್ತದೆ. ಇದನ್ನು ತಪ್ಪಿಸಲು ರಾಜ್ಯಸಭೆ 2014ರಲ್ಲಿ ಪ್ರಶ್ನೋತ್ತರ ಅವಧಿಯನ್ನು ಮಧ್ಯಾಹ್ನ 12ಕ್ಕೆ ಸರಿಸಿತು. ಗದ್ದಲವೂ ಅದರ ಹಿಂದೆಯೇ ಸರಿದು ಬಂತು. ಸದನ ಮುಂದೂಡಿದರೆ ಲಿಖಿತ ಉತ್ತರಗಳೇನೋ ದಾಖಲೆಗೆ ಸೇರುತ್ತವೆ, ಆದರೆ ಪೂರಕ ಪ್ರಶ್ನೆ ಸಾಯುತ್ತದೆ. ಎಂದರೆ ಗದ್ದಲದ ದಿನ ನಿರಾಳವಾಗುವುದು ಕಷ್ಟದ ಪ್ರಶ್ನೆಗೆ ಉತ್ತರಿಸಬೇಕಿದ್ದ ಸಚಿವರೇ. ವಿರೋಧ ಪಕ್ಷಗಳು ಈ ಲೆಕ್ಕವನ್ನು ಮತ್ತೆ ಮತ್ತೆ ಮರೆಯುವುದು ನೋವಿನ ಸಂಗತಿ. 1962ರ ಚೀನಾ ಯುದ್ಧದ ಹೊತ್ತಿನಲ್ಲೂ 2020ರ ಮಳೆಗಾಲದ ಅಧಿವೇಶನದಲ್ಲೂ ಸರ್ಕಾರಗಳೇ ಈ ಅವಧಿಯನ್ನು ಕೈಬಿಟ್ಟವು. 2020ರಲ್ಲಿ ಲಿಖಿತ ಪ್ರಶ್ನೆಗಳು ಮಾತ್ರ ಉಳಿದವು. ವಲಸೆ ಕಾರ್ಮಿಕರ ಕುರಿತ ಉತ್ತರ ಬಂದದ್ದು ಹಾಗೆ.

ಕೇಳಬೇಕಾದವರೇ ಬಾರದ ದಿನವೂ ಇತ್ತು. 2009ರ ನವೆಂಬರ್ 30ರಂದು ಪಟ್ಟಿಯಲ್ಲಿ ಹೆಸರಿದ್ದ ಸದಸ್ಯರು ಸಾಲಾಗಿ ಗೈರಾಗಿ, ಲೋಕಸಭೆಯ ಪ್ರಶ್ನೋತ್ತರ ಅವಧಿ ಗಂಟೆ ತುಂಬುವ ಮೊದಲೇ ಬರಿದಾಯಿತು. ಸದಸ್ಯರು ಇಲ್ಲದಿದ್ದರೂ ಸಚಿವರು ಉತ್ತರಿಸುವಂತೆ, ಇತರರು ಪೂರಕ ಪ್ರಶ್ನೆ ಕೇಳುವಂತೆ ಆಮೇಲೆ ದಾರಿ ಮಾಡಿದರು.

ಇನ್ನೂ ಕೆಟ್ಟದ್ದು ಪ್ರಶ್ನೆಯನ್ನೇ ಮಾರುವುದು. ಹಣ ಪಡೆದು ಪ್ರಶ್ನೆ ಕೇಳಲು ಒಪ್ಪಿದ್ದು ರಹಸ್ಯ ಕ್ಯಾಮೆರಾದಲ್ಲಿ ಬಯಲಾಗಿ, 2005ರ ಡಿಸೆಂಬರ್‌ನಲ್ಲಿ ಲೋಕಸಭೆಯ 10 ಮತ್ತು ರಾಜ್ಯಸಭೆಯ ಒಬ್ಬ ಸದಸ್ಯರನ್ನು ಉಚ್ಚಾಟಿಸಲಾಯಿತು. 2007ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಉತ್ತರ ಬಂದ ಮೇಲೆ

ಉತ್ತರ ಸಾಲದೆನಿಸಿದರೆ ಅರ್ಧ ಗಂಟೆ ಚರ್ಚೆ ಕೇಳಬಹುದು. ಮೂರು ದಿನ ಮುಂಚಿತವಾಗಿ, ಕಾರಣ ಬರೆದು ನೋಟಿಸ್ ಕೊಡಬೇಕು. ಲೋಕಸಭೆಯಲ್ಲಿ ಸೋಮವಾರ, ಬುಧವಾರ, ಶುಕ್ರವಾರದ ಕಲಾಪದ ಕಡೆಯ ಅರ್ಧ ಗಂಟೆ ಅದಕ್ಕೆ ಮೀಸಲು. ಉತ್ತರದಲ್ಲಿ ತಪ್ಪಿದ್ದರೆ ಸ್ಪೀಕರ್ ನಿರ್ದೇಶನ 115ರಡಿ ಅದನ್ನು ಎತ್ತಿ ತೋರಿಸಬಹುದು. ಸಚಿವರು ತಿದ್ದುಪಡಿ ಹೇಳಿಕೆ ಕೊಡಬೇಕಾಗುತ್ತದೆ. ಬೇಕೆಂದೇ ದಾರಿ ತಪ್ಪಿಸಿದ್ದರೆ ಮಾತ್ರ ಅದು ಹಕ್ಕುಚ್ಯುತಿ, ಅಂದರೆ ಸದನದ ವಿಶೇಷ ಹಕ್ಕಿನ ಉಲ್ಲಂಘನೆ. ಮರೆವಿನಿಂದಾದ ತಪ್ಪಿಗೆ ಹಕ್ಕುಚ್ಯುತಿ ನಿಲ್ಲುವುದಿಲ್ಲ.

'ಮಾಹಿತಿ ಸಂಗ್ರಹಿಸಿ ಸದನದ ಮುಂದಿಡಲಾಗುವುದು', 'ವಿಷಯ ಪರಿಶೀಲನೆಯಲ್ಲಿದೆ' ಎಂಬಂಥ ಮಾತುಗಳು ಕೇಳಲು ಜಾರುವಿಕೆಯಂತಿದ್ದರೂ ಸಂಸತ್ತಿನ ಲೆಕ್ಕದಲ್ಲಿ ಅವು ಭರವಸೆಗಳು. ಸಂಸದೀಯ ವ್ಯವಹಾರಗಳ ಸಚಿವಾಲಯ ಅವನ್ನು ಕಲಾಪದಿಂದ ಹೆಕ್ಕಿ ಆಯಾ ಸಚಿವಾಲಯಕ್ಕೆ ಕಳಿಸುತ್ತದೆ. ಮೂರು ತಿಂಗಳೊಳಗೆ ಈಡೇರಿಸಬೇಕು, ಆಗದಿದ್ದರೆ ಸರ್ಕಾರಿ ಭರವಸೆಗಳ ಸಮಿತಿಯಿಂದ ಕಾಲಾವಕಾಶ ಕೇಳಬೇಕು. ಲೋಕಸಭೆಯಲ್ಲಿ ಈ ಸಮಿತಿ 1953ರಿಂದ ಇದೆ. ಅದರಲ್ಲಿ 15 ಸದಸ್ಯರು, ಸಚಿವರು ಯಾರೂ ಇರುವಂತಿಲ್ಲ. ವರ್ಷಗಟ್ಟಲೆ ಬಾಕಿ ಉಳಿದ ಭರವಸೆಗೆ ಕಾರಣ ಹೇಳಲು ಅಧಿಕಾರಿಗಳನ್ನು ಈ ಸಮಿತಿ ಕರೆಸುತ್ತದೆ.

ಎರಡೂ ಸದನಗಳ ಪ್ರಶ್ನೋತ್ತರಗಳು ಸಂಸತ್ತಿನ ಜಾಲತಾಣದಲ್ಲಿ ಸದಸ್ಯರ ಹೆಸರು, ಸಚಿವಾಲಯ, ದಿನಾಂಕ ಹಾಕಿ ಹುಡುಕಿದರೆ ಸಿಗುತ್ತವೆ. ಓದುವಾಗ ಕೆಳಗಿನಿಂದ ಶುರು ಮಾಡುವುದು ಒಳ್ಳೆಯದು. ಮೊದಲ ಪುಟದ ಪ್ಯಾರಾಗಳು ಯೋಜನೆಯ ಪರಿಚಯದಂತಿರುತ್ತವೆ, ಜಿಲ್ಲೆ ಜಿಲ್ಲೆಯ ಅಂಕಿ ಇರುವುದು ಅನುಬಂಧದಲ್ಲಿ. ಅದೇ ವಿಷಯದ ಹಿಂದಿನ ವರ್ಷದ ಉತ್ತರವನ್ನು ಪಕ್ಕಕ್ಕಿಟ್ಟು ನೋಡಿ. ಹೋದ ವರ್ಷ 'ಮಾರ್ಚ್ ಒಳಗೆ ಪೂರ್ಣ' ಎಂದಿದ್ದ ಸೇತುವೆ ಈ ವರ್ಷ 'ಪ್ರಗತಿಯಲ್ಲಿದೆ' ಎಂದಾಗಿದ್ದರೆ ಮುಂದಿನ ಪ್ರಶ್ನೆ ತಾನಾಗಿಯೇ ಸಿದ್ಧವಾಯಿತು. ನುರಿತ ಸದಸ್ಯರು ಅದನ್ನು ಬರೆಯುವ ಕ್ರಮವೂ ಹಾಗೆಯೇ: 'ಇಂಥ ದಿನಾಂಕದಂದು ಇಂಥ ಸಂಖ್ಯೆಯ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಸಚಿವರು ಗಮನಿಸಿ, ಅದರ (ಡಿ) ಭಾಗದಲ್ಲಿ ಹೇಳಿದ ಕೆಲಸ ಈಗ ಯಾವ ಹಂತದಲ್ಲಿದೆ ಎಂಬುದನ್ನು ತಿಳಿಸುವರೇ?'